ಡಯೋಡ್ ನೋಡುವ ಮೊದಲು ರೆಸಿಸ್ಟರ್ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಡಯೋಡ್ (ಕರೆಂಟ್ ಅನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ ಸಿಗ್ನಲ್‌ನ ತಲೆ ಕತ್ತರಿಸುವುದು, ಇಲ್ಲವೇ ಅದರ ಆಕಾರ ಬದಲಿಸುವುದು. ಬರೆದವರಲ್ಲಿ ವಿದ್ಯಾರ್ಥಿಗಳಿದ್ದಾರೆ, ಗಿಟಾರ್ ಪೆಡಲ್ ಕಟ್ಟುವವರಿದ್ದಾರೆ, ಸೆನ್ಸರ್ ಬೋರ್ಡ್ ಮಾಡುವವರಿದ್ದಾರೆ. ಎಲ್ಲರೂ ಡಯೋಡ್ ನಂಬರ್ ಸರಿಯಾಗಿ ಬರೆದಿದ್ದೀರಿ, ಸಂತೋಷ. ಆದರೆ ಅದರ ಜತೆ ಎಷ್ಟು ಓಮ್‌ನ ರೆಸಿಸ್ಟರ್ (ಕರೆಂಟ್‌ಗೆ ತಡೆ ಒಡ್ಡುವ ಬಿಡಿಭಾಗ) ಇದೆ ಅಂತ ಬರೆದವರು ಕಡಿಮೆ. ನಾನು ಟೆಸ್ಟ್ ಬೆಂಚ್‌ನಲ್ಲಿ ಕೂತು ಕೆಲಸ ಮಾಡುವವಳು. ಕ್ಲಿಪ್ಪರ್, ಅಂದರೆ ಹೀಗೆ ತಲೆ ಕತ್ತರಿಸುವ ಸರ್ಕ್ಯೂಟ್, ಸರಿಯಾಗಿಲ್ಲ ಅಂತ ಬೋರ್ಡ್ ಕೈಗೆ ಬಂದಾಗ ಮೊದಲು ನೋಡುವುದು ರೆಸಿಸ್ಟರ್ ಅನ್ನು. ಕ್ಲಿಪ್ಪರ್ ಅಂದರೆ ಡಯೋಡ್ ಒಂದೇ ಅಲ್ಲ, ಡಯೋಡ್ ಮತ್ತು ರೆಸಿಸ್ಟರ್‌ನ ಜೋಡಿ. ಇಲ್ಲಿರುವ ಹೆಚ್ಚಿನ ಉತ್ತರಗಳು ಇದೇ ಮಾತಿಗೆ ಬಂದು ಸೇರುತ್ತವೆ.

ಪ್ರಶ್ನೆ: ಮೇಡಂ, ನಾನು ಡಿಪ್ಲೊಮಾ ವಿದ್ಯಾರ್ಥಿ. ಸಿಲಿಕಾನ್ ಡಯೋಡ್ ಅಲೆಯನ್ನು 0.7 ವೋಲ್ಟ್‌ಗೆ ಚಪ್ಪಟೆಯಾಗಿ ಕತ್ತರಿಸುತ್ತದೆ ಅಂತ ಪುಸ್ತಕದಲ್ಲಿ ಚಿತ್ರ ಇದೆ. ನಾನು 1ಎನ್4148 ಡಯೋಡ್, 100 ಕಿಲೋಓಮ್ ರೆಸಿಸ್ಟರ್ ಹಾಕಿ 5 ವೋಲ್ಟ್ ಪೀಕ್ ಇರುವ ಸೈನ್ ಅಲೆ ಕೊಟ್ಟೆ. ಅಲೆಯನ್ನು ಪರದೆ ಮೇಲೆ ತೋರಿಸುವ ಸ್ಕೋಪ್‌ನಲ್ಲಿ ತುದಿ 0.5 ವೋಲ್ಟ್ ಕೂಡ ಮುಟ್ಟುತ್ತಿಲ್ಲ. ಚಪ್ಪಟೆಯೂ ಇಲ್ಲ, ಸ್ವಲ್ಪ ಗುಂಡಗಿದೆ. ಡಯೋಡ್ ಕೆಟ್ಟಿದೆಯಾ?

ಉತ್ತರ: ಡಯೋಡ್ ಚೆನ್ನಾಗಿದೆ. ನೀವು ನೋಡಿದ್ದೂ ಸರಿಯಾಗಿದೆ. ದಯವಿಟ್ಟು ಲ್ಯಾಬ್ ರೆಕಾರ್ಡ್‌ನಲ್ಲಿ 0.7 ಅಂತ ತಿದ್ದಬೇಡಿ, ಕಂಡಿದ್ದನ್ನೇ ಬರೆಯಿರಿ.

0.7 ಅನ್ನುವುದು ಡಯೋಡ್‌ನ ಮೈಮೇಲೆ ಬರೆದ ಸಂಖ್ಯೆ ಅಲ್ಲ. ಡಯೋಡ್ ಒಂದು ವೋಲ್ಟೇಜ್‌ವರೆಗೆ ಪೂರ್ತಿ ಮುಚ್ಚಿದ್ದು, ಆಮೇಲೆ ತಟ್ಟನೆ ಪೂರ್ತಿ ತೆರೆಯುವ ಬಾಗಿಲೂ ಅಲ್ಲ. ಅದರಲ್ಲಿ ಹರಿಯುವ ಕರೆಂಟ್, ವೋಲ್ಟೇಜ್ ಏರಿದಂತೆ ಮೊದಲು ತೀರಾ ನಿಧಾನವಾಗಿ, ಆಮೇಲೆ ಬಹಳ ಜೋರಾಗಿ ಏರುತ್ತದೆ. 1ಎನ್4148ರಲ್ಲಿ ಕರೆಂಟ್ ಹತ್ತು ಪಟ್ಟು ಆಗಲು ವೋಲ್ಟೇಜ್ ಸುಮಾರು 0.1 ವೋಲ್ಟ್ ಏರಿದರೆ ಸಾಕು. ಇದೊಂದು ಲೆಕ್ಕ ತಲೆಯಲ್ಲಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು.

ನೋಡಿ, 5 ವೋಲ್ಟ್ ಪೀಕ್‌ಗೆ 1 ಕಿಲೋಓಮ್ ಹಾಕಿದರೆ ತುದಿಯಲ್ಲಿ 4 ಮಿಲಿಆಂಪ್‌ಗಿಂತ ಸ್ವಲ್ಪ ಜಾಸ್ತಿ ಹರಿಯುತ್ತದೆ. ಆಗ ಡಯೋಡ್ ಮೇಲೆ 0.7 ವೋಲ್ಟ್ ಹತ್ತಿರ ಇರುತ್ತದೆ. ಪುಸ್ತಕದ ಚಿತ್ರ ಈ ಲೆಕ್ಕದ್ದು. 10 ಕಿಲೋಓಮ್ ಹಾಕಿ. ಕರೆಂಟ್ ಹತ್ತನೇ ಒಂದು ಭಾಗಕ್ಕೆ ಇಳಿಯಿತು, ತುದಿಯೂ ಸುಮಾರು 0.1 ವೋಲ್ಟ್ ಇಳಿದು 0.6ರ ಹತ್ತಿರ ಬಂತು. 100 ಕಿಲೋಓಮ್ ಹಾಕಿದರೆ ಹರಿಯುವುದು ಸುಮಾರು 45 ಮೈಕ್ರೊಆಂಪ್ ಮಾತ್ರ. ತುದಿ ಇನ್ನೊಂದು 0.1 ಇಳಿದು 0.5ರ ಕೆಳಗೆ ಹೋಯಿತು. ನಿಮ್ಮ ಸ್ಕೋಪ್ ತೋರಿಸಿದ್ದು ಇದನ್ನೇ.

ಈಗ ಗುಂಡಗಿರುವುದು ಯಾಕೆ ಅಂತ ನೋಡೋಣ. ಅಲೆ ಅರ್ಧ ಎತ್ತರದಲ್ಲಿದ್ದಾಗ ಹರಿಯುವ ಕರೆಂಟ್, ತುದಿ ತಲುಪುವಾಗ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ಅಷ್ಟಕ್ಕೆ ಡಯೋಡ್ ವೋಲ್ಟೇಜ್ 0.03 ರಿಂದ 0.04 ವೋಲ್ಟ್ ಏರಲೇಬೇಕು. ಈ ಸಣ್ಣ ಉಬ್ಬು ಯಾವ ರೆಸಿಸ್ಟರ್ ಹಾಕಿದರೂ ಇರುತ್ತದೆ. 1 ವೋಲ್ಟ್ ಡಿವಿಷನ್‌ನಲ್ಲಿ (ಪರದೆಯ ಒಂದು ಚೌಕಕ್ಕೆ 1 ವೋಲ್ಟ್) ನೋಡಿದರೆ ಚಪ್ಪಟೆಯಾಗಿ ಕಾಣುತ್ತದೆ, 100 ಮಿಲಿವೋಲ್ಟ್ ಡಿವಿಷನ್‌ಗೆ ಹಾಕಿದರೆ ಉಬ್ಬು ಎದ್ದು ಕಾಣುತ್ತದೆ. ತುದಿ ಇನ್ನೂ ಚಪ್ಪಟೆ ಬೇಕು ಅಂದರೆ ಒಳಗೆ ಕೊಡುವ ಅಲೆ ದೊಡ್ಡದಿರಬೇಕು. ಕತ್ತರಿಸುವ ಮಟ್ಟಕ್ಕಿಂತ ಹತ್ತಿಪ್ಪತ್ತು ಪಟ್ಟು ದೊಡ್ಡ ಅಲೆ ಕೊಟ್ಟರೆ ಪುಸ್ತಕದ ಚಿತ್ರದ ಹಾಗೇ ಬರುತ್ತದೆ. ಅದೇ 1 ವೋಲ್ಟ್ ಪೀಕ್ ಕೊಟ್ಟರೆ ಕತ್ತರಿಸಿದ ಹಾಗೆ ಕಾಣುವುದಿಲ್ಲ, ತುದಿ ಸ್ವಲ್ಪ ಕುಗ್ಗಿದ ಹಾಗೆ ಕಾಣುತ್ತದೆ.

ಬೆಂಚ್ ಬಿಟ್ಟು ಏಳುವ ಮೊದಲು ಇನ್ನೊಂದು ಮಾಡಿ. 100 ಮಿಲಿವೋಲ್ಟ್ ಡಿವಿಷನ್‌ನಲ್ಲಿ ತುದಿಯನ್ನು ಪರದೆ ಮೇಲೆ ತಂದು, ಬಿಸಿ ಸೋಲ್ಡರಿಂಗ್ ಐರನ್ ಅನ್ನು ಡಯೋಡ್‌ನ ಒಂದು ಕಾಲಿಗೆ ತಾಗಿಸಿ. ತುದಿ ಕಣ್ಣೆದುರೇ ಕೆಳಗೆ ಜಾರುತ್ತದೆ. ಐರನ್ ತೆಗೆದರೆ ನಿಧಾನವಾಗಿ ಮೇಲೆ ಬರುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2 ಮಿಲಿವೋಲ್ಟ್ ಇಳಿತ. ಇದನ್ನು ಒಮ್ಮೆ ಕಣ್ಣಾರೆ ನೋಡಿದವರು 0.7 ಅನ್ನುವುದನ್ನು ಮತ್ತೆ ಗಟ್ಟಿ ಸಂಖ್ಯೆ ಅಂತ ನಂಬುವುದಿಲ್ಲ.

ಒಂದು ಎಚ್ಚರಿಕೆ. ರೆಸಿಸ್ಟರ್ ಹಾಕದೆ ಡಯೋಡ್ ಅನ್ನು ನೇರ ಸಿಗ್ನಲ್ ಜನರೇಟರ್‌ಗೆ (ಪರೀಕ್ಷೆಗೆ ಅಲೆ ಕೊಡುವ ಯಂತ್ರ) ಕೊಡುವವರಿದ್ದಾರೆ. ಆಗಲೂ ರೆಸಿಸ್ಟರ್ ಇರುತ್ತದೆ, ಜನರೇಟರ್ ಒಳಗಿನ 50 ಓಮ್. 5 ವೋಲ್ಟ್ ಪೀಕ್‌ಗೆ 80 ಮಿಲಿಆಂಪ್ ಹರಿಯುತ್ತದೆ, ತುದಿ 0.9 ವೋಲ್ಟ್ ಹತ್ತಿರ ಹೋಗುತ್ತದೆ. 1ಎನ್4148 ತಡೆದುಕೊಂಡೀತು, ಎಲ್ಲ ಡಯೋಡ್‌ಗಳೂ ತಡೆಯುವುದಿಲ್ಲ.

ಪ್ರಶ್ನೆ: ನನಗೆ 3 ವೋಲ್ಟ್‌ಗೆ ಕತ್ತರಿಸಬೇಕಿತ್ತು. 5 ವೋಲ್ಟ್ ಸಪ್ಲೈಯಿಂದ ಎರಡು 10 ಕಿಲೋಓಮ್ ರೆಸಿಸ್ಟರ್ ಹಾಕಿ 2.5 ವೋಲ್ಟ್ ಮಾಡಿಕೊಂಡೆ. ಡಯೋಡ್‌ನ ಕ್ಯಾಥೋಡ್ (ಕರೆಂಟ್ ಹೊರಹೋಗುವ ಕಾಲು) ಅನ್ನು ಅಲ್ಲಿಗೆ ಕೊಟ್ಟೆ. ಸಿಗ್ನಲ್ ಕಡೆಯ ರೆಸಿಸ್ಟರ್ 1 ಕಿಲೋಓಮ್. 10 ವೋಲ್ಟ್ ಪೀಕ್ ಕೊಟ್ಟರೆ ಕತ್ತರಿಸುವುದೇ ಇಲ್ಲ, 3 ವೋಲ್ಟ್ ಆದ ಮೇಲೆ ಸ್ವಲ್ಪ ಬಾಗಿ ಮೇಲೆ ಹೋಗುತ್ತಲೇ ಇದೆ.

ಉತ್ತರ: ಓಮ್ ಬರೆದಿದ್ದಕ್ಕೆ ಧನ್ಯವಾದ. ಪತ್ರದಲ್ಲೇ ಉತ್ತರ ಇದೆ.

ಎರಡು 10 ಕಿಲೋಓಮ್ ಮಧ್ಯದ ಬಿಂದು ಬರೀ 2.5 ವೋಲ್ಟ್ ಅಲ್ಲ. ಅದು 2.5 ವೋಲ್ಟ್, ಅದರ ಜತೆ ಸರಣಿಯಲ್ಲಿ 5 ಕಿಲೋಓಮ್. ಡಯೋಡ್ ಕಂಡಕ್ಟ್ ಮಾಡಿದಾಗ ಸಿಗ್ನಲ್ ಕಡೆ 1 ಕಿಲೋಓಮ್, ಡಯೋಡ್ ಕೆಳಗೆ 5 ಕಿಲೋಓಮ್. ಹೆಚ್ಚಾದ ವೋಲ್ಟೇಜ್‌ನ ಆರರಲ್ಲಿ ಐದು ಪಾಲು ಹಾಗೇ ಔಟ್‌ಪುಟ್‌ನಲ್ಲಿ ಉಳಿಯುತ್ತದೆ. 2.5ಕ್ಕೆ ಡಯೋಡ್‌ನ 0.6 ಸೇರಿದರೆ 3.1 ವೋಲ್ಟ್. ಅಲ್ಲಿಂದ 10 ವೋಲ್ಟ್ ತನಕ 6.9 ವೋಲ್ಟ್. ಅದರಲ್ಲಿ ಸುಮಾರು 5.7 ಉಳಿದರೆ ತುದಿ 8.8 ವೋಲ್ಟ್ ಮುಟ್ಟುತ್ತದೆ. ಕತ್ತರಿಸಿದ್ದು ಒಂದು ವೋಲ್ಟ್ ಚಿಲ್ಲರೆ ಮಾತ್ರ.

ಡಯೋಡ್ ಕೆಳಗಿನ ಓಮ್ ಯಾವಾಗಲೂ ಸಿಗ್ನಲ್ ಕಡೆಯ ಓಮ್‌ಗಿಂತ ತೀರಾ ಕಡಿಮೆ ಇರಬೇಕು. ಡಿವೈಡರ್‌ಗೆ (ಆ ಎರಡು 10 ಕಿಲೋಓಮ್‌ನ ಜೋಡಿಗೆ) ದೊಡ್ಡ ಕೆಪಾಸಿಟರ್ ಹಾಕಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಆಗೊಮ್ಮೆ ಈಗೊಮ್ಮೆ ಬರುವ ಸಣ್ಣ ಪಲ್ಸ್‌ಗೆ ಅದು ಸರಿ. ನಿಮ್ಮ ಹಾಗೆ ಅಲೆ ಸತತವಾಗಿ ಬರುತ್ತಿದ್ದರೆ ಪ್ರತಿ ತುದಿಯೂ ಆ ಕೆಪಾಸಿಟರ್‌ಗೆ ಸ್ವಲ್ಪ ಸ್ವಲ್ಪ ಚಾರ್ಜ್ ತುಂಬುತ್ತದೆ, ಕತ್ತರಿಸುವ ಮಟ್ಟವೇ ಮೇಲೆ ಹೋಗುತ್ತದೆ. ಡಿವೈಡರ್ ಆದ ಮೇಲೆ ಒಂದು ಆಪ್‌ಆಂಪ್ ಬಫರ್ (ವೋಲ್ಟೇಜ್ ಬದಲಿಸದೆ ಕರೆಂಟ್ ನಿಭಾಯಿಸುವ ಆಂಪ್ಲಿಫೈಯರ್ ಚಿಪ್) ಹಾಕಿ, ಇಲ್ಲವೇ ವೋಲ್ಟೇಜ್ ಅನ್ನು ಒಂದೇ ಮಟ್ಟಕ್ಕೆ ಹಿಡಿಯುವ ಟಿಎಲ್431 ಚಿಪ್ ಬಳಸಿ. ಝೀನರ್ (ಉಲ್ಟಾ ದಿಕ್ಕಿನಲ್ಲಿ ನಿಗದಿತ ವೋಲ್ಟೇಜ್‌ಗೆ ಕಂಡಕ್ಟ್ ಮಾಡುವ ಡಯೋಡ್) ಕೂಡ ಆಗುತ್ತದೆ, ಆದರೆ 5 ವೋಲ್ಟ್‌ಗಿಂತ ಕಡಿಮೆಯ ಝೀನರ್‌ಗಳ ತಿರುವು ಮೆತ್ತಗೆ. 3 ವೋಲ್ಟ್‌ಗೆ ನಾನಂತೂ ಝೀನರ್ ಹಾಕುವುದಿಲ್ಲ. 6 ವೋಲ್ಟ್ ಆಸುಪಾಸಿನಲ್ಲಿ ಕತ್ತರಿಸಬೇಕಾದರೆ 5.1 ವೋಲ್ಟ್‌ನ ಎರಡು ಝೀನರ್ ಬೆನ್ನಿಗೆ ಬೆನ್ನು ಹಾಕಿ. ಎರಡೂ ಕಡೆ ಸುಮಾರು 5.8 ವೋಲ್ಟ್‌ಗೆ ಚೊಕ್ಕವಾಗಿ ಕತ್ತರಿಸುತ್ತದೆ.

ಪ್ರಶ್ನೆ: ಕ್ಲಿಪ್ಪರ್‌ಗೂ ಕ್ಲ್ಯಾಂಪರ್‌ಗೂ ಏನು ವ್ಯತ್ಯಾಸ? ಪರೀಕ್ಷೆಗೆ ಬೇಕು.

ಉತ್ತರ: ಕ್ಲಿಪ್ಪರ್ ಅಲೆಯ ಆಕಾರ ಕೆಡಿಸುತ್ತದೆ. ಕ್ಲ್ಯಾಂಪರ್ ಆಕಾರ ಮುಟ್ಟುವುದಿಲ್ಲ, ಇಡೀ ಅಲೆಯನ್ನು ಮೇಲೋ ಕೆಳಗೋ ಸರಿಸುತ್ತದೆ. ಕ್ಲ್ಯಾಂಪರ್‌ನಲ್ಲಿ ಸಿಗ್ನಲ್ ದಾರಿಯಲ್ಲಿ ಕೆಪಾಸಿಟರ್ ಇರುತ್ತದೆ, ಅದೇ ಗುರುತು. ಮೈನಸ್ 5 ರಿಂದ ಪ್ಲಸ್ 5 ವೋಲ್ಟ್ ಇದ್ದ ಅಲೆ, ಕ್ಲ್ಯಾಂಪರ್ ದಾಟಿದ ಮೇಲೆ ಸುಮಾರು ಮೈನಸ್ 0.7 ರಿಂದ 9.3 ವೋಲ್ಟ್‌ಗೆ ಬರುತ್ತದೆ. ಕೆಪಾಸಿಟರ್ ಮತ್ತು ರೆಸಿಸ್ಟರ್‌ನ ಗುಣಲಬ್ಧ ಅಲೆಯ ಅವಧಿಗಿಂತ ಬಹಳ ಜಾಸ್ತಿ ಇರಬೇಕು. 1 ಕಿಲೋಹರ್ಟ್ಸ್‌ಗೆ 0.1 ಮೈಕ್ರೊಫ್ಯಾರಡ್, 100 ಕಿಲೋಓಮ್ ಹಾಕಿದರೆ 10 ಮಿಲಿಸೆಕೆಂಡ್, ಅಂದರೆ ಅವಧಿಯ ಹತ್ತು ಪಟ್ಟು. ಸಾಕು. ಹಳೆಯ ಅನಲಾಗ್ ಟೀವಿಗಳಲ್ಲಿ ಚಿತ್ರದ ಕಪ್ಪು ಮಟ್ಟ ಅಲ್ಲಾಡದಂತೆ ಹಿಡಿದಿಡಲು ಈ ವಿಧಾನವನ್ನೇ ಬಳಸುತ್ತಿದ್ದರು.

ಪ್ರಶ್ನೆ: ಮೇಡಂ, ಗಿಟಾರ್‌ಗೆ ಡಿಸ್ಟಾರ್ಷನ್ ಪೆಡಲ್ ಕಟ್ಟಿದ್ದೇನೆ. ಆಪ್‌ಆಂಪ್ ಆದ ಮೇಲೆ ಗ್ರೌಂಡ್‌ಗೆ ಎರಡು ಸಿಲಿಕಾನ್ ಡಯೋಡ್ ಎದುರುಬದುರಾಗಿವೆ. ಜರ್ಮೇನಿಯಂ ಹಾಕಿದರೆ ಸ್ವರ ಬೆಚ್ಚಗಾಗುತ್ತದೆ ಅಂತ ಕೇಳಿ 1ಎನ್34ಎ ಹಾಕಿದೆ. ಶಬ್ದವೇ ಕಡಿಮೆಯಾಯಿತು, ಸಪ್ಪೆ ಅನ್ನಿಸುತ್ತಿದೆ. ಎಲ್ಲರೂ ಹೇಳುವುದು ಸುಳ್ಳಾ?

ಉತ್ತರ: ಪೂರ್ತಿ ಸುಳ್ಳಲ್ಲ. ಆದರೆ ನೀವು ಈಗ ಹೋಲಿಸುತ್ತಿರುವುದು ಸ್ವರವನ್ನಲ್ಲ, ಜೋರನ್ನು.

ಸಿಲಿಕಾನ್ 0.6 ವೋಲ್ಟ್‌ಗೆ ಕತ್ತರಿಸುತ್ತಿದ್ದರೆ ಜರ್ಮೇನಿಯಂ 0.3ರ ಹತ್ತಿರ ಕತ್ತರಿಸುತ್ತದೆ. ಔಟ್‌ಪುಟ್ ಅರ್ಧ ಆಯಿತು, ಅಂದರೆ 6 ಡೆಸಿಬೆಲ್ ಕಡಿಮೆ. ಒಂದೇ ಸ್ವರವನ್ನು ಜೋರಾಗಿ ಒಮ್ಮೆ, ಮೆಲ್ಲಗೆ ಒಮ್ಮೆ ಕೇಳಿಸಿದರೆ ಯಾರ ಕಿವಿಗಾದರೂ ಜೋರಾಗಿದ್ದದ್ದೇ ಚೆನ್ನ. ಮೊದಲು ಎರಡರ ವಾಲ್ಯೂಮ್ ಸಮ ಮಾಡಿ. ಒಂದು ಟೆಸ್ಟ್ ಟೋನ್ ಕೊಟ್ಟು, ಮೀಟರ್ ಅಥವಾ ಸ್ಕೋಪ್ ನೋಡಿ ಔಟ್‌ಪುಟ್ ಒಂದೇ ಮಟ್ಟಕ್ಕೆ ತನ್ನಿ. ಆಮೇಲೆ ಕಣ್ಣು ಮುಚ್ಚಿ, ಬೇರೆಯವರಿಂದ ಸ್ವಿಚ್ ಬದಲಿಸಿಸಿ ಕೇಳಿ. ಆಗ ಉಳಿಯುವ ವ್ಯತ್ಯಾಸ ನಿಜವಾದದ್ದು.

ಆ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅಂದರೆ, 1ಎನ್34ಎ ಥರದ ಪಾಯಿಂಟ್ ಕಾಂಟ್ಯಾಕ್ಟ್ ಡಯೋಡ್ ಒಳಗೇ ಸಾಕಷ್ಟು ಓಮ್ ಇರುತ್ತದೆ. ಕಡಿಮೆ ಕರೆಂಟ್‌ನಲ್ಲಿ 0.2, 0.3 ವೋಲ್ಟ್ ತೋರಿಸುವ ಡಯೋಡ್ ಕೆಲವು ಮಿಲಿಆಂಪ್ ಹರಿದಾಗ 1 ವೋಲ್ಟ್‌ವರೆಗೂ ಹೋಗಬಹುದು. ಅಂದರೆ ಅದರ ತಿರುವು ಸಿಲಿಕಾನ್‌ಗಿಂತ ಮೆತ್ತಗೆ. ನೀವು 1 ಕಿಲೋಓಮ್ ಮೂಲಕ ಓಡಿಸಿದರೆ ಒಂದು ಸ್ವರ, 10 ಕಿಲೋಓಮ್ ಮೂಲಕ ಓಡಿಸಿದರೆ ಇನ್ನೊಂದು. ಮತ್ತೆ ರೆಸಿಸ್ಟರ್‌ಗೇ ಬಂದೆವು, ಅಲ್ವಾ? ಡಯೋಡ್ ಬದಲಿಸುವ ಮೊದಲು ಆ ರೆಸಿಸ್ಟರ್ ಜಾಗದಲ್ಲಿ ಒಂದು 22 ಕಿಲೋಓಮ್ ಪಾಟ್ (ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್), ಅದರ ಜತೆ ಸರಣಿಯಲ್ಲಿ 1 ಕಿಲೋಓಮ್ ಹಾಕಿ ತಿರುಗಿಸುತ್ತಾ ಕೇಳಿ ನೋಡಿ. ಜರ್ಮೇನಿಯಂ ಡಯೋಡ್‌ಗಳು ಒಂದರಂತೆ ಇನ್ನೊಂದು ಇರುವುದೂ ಇಲ್ಲ. ಮೀಟರ್‌ನ ಡಯೋಡ್ ರೇಂಜ್‌ನಲ್ಲಿ ಅಳೆದು, ಹತ್ತಿರ ಇರುವ ಎರಡನ್ನು ಜೋಡಿ ಮಾಡಿ.

ಜಾತಿಗಿಂತಲೂ ಜಾಸ್ತಿ ಪರಿಣಾಮ ಮಾಡುವುದು ಡಯೋಡ್ ಇರುವ ಜಾಗ. ಪ್ರೊಕೊ ರ‍್ಯಾಟ್, ಎಂಎಕ್ಸ್‌ಆರ್ ಡಿಸ್ಟಾರ್ಷನ್ ಪ್ಲಸ್ ಪೆಡಲ್‌ಗಳಲ್ಲಿ ಡಯೋಡ್ ಗ್ರೌಂಡ್‌ಗೆ ಇದೆ, ನಿಮ್ಮದರ ಹಾಗೆ. ಮೊದಲನೆಯದರಲ್ಲಿ ಸಿಲಿಕಾನ್, ಎರಡನೆಯದರಲ್ಲಿ ಜರ್ಮೇನಿಯಂ. ಟ್ಯೂಬ್ ಸ್ಕ್ರೀಮರ್‌ನಲ್ಲಿ ಡಯೋಡ್‌ಗಳು ಆಪ್‌ಆಂಪ್‌ನ ಫೀಡ್‌ಬ್ಯಾಕ್‌ನಲ್ಲಿವೆ, ಅಂದರೆ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ವಾಪಸ್ ಬರುವ ದಾರಿಯಲ್ಲಿ. ಅಲ್ಲಿ ಡಯೋಡ್ ಕಂಡಕ್ಟ್ ಮಾಡಿದಾಗ ಗೇನ್ ಇಳಿಯುತ್ತದೆ, ಆದರೆ ಒಂದಕ್ಕಿಂತ ಕೆಳಗೆ ಹೋಗುವುದಿಲ್ಲ. ಕತ್ತರಿಸಿದ ಅಲೆಯ ಮೇಲೆ ಮೂಲ ಸಿಗ್ನಲ್ ಕೂಡಿಕೊಂಡೇ ಹೊರಬರುತ್ತದೆ. ತಂತಿ ಮೀಟಿದ ಬಿಗಿ, ಸಡಿಲ ಎಲ್ಲ ಕೇಳಿಸುವುದು ಅದಕ್ಕೇ. ಆ ಡಯೋಡ್‌ಗಳಿಗೆ ಅಡ್ಡಲಾಗಿ 51 ಪಿಕೋಫ್ಯಾರಡ್ ಕೆಪಾಸಿಟರ್ ಇದೆ. 51 ಕಿಲೋಓಮ್ ಮತ್ತು 500 ಕಿಲೋಓಮ್ ಪಾಟ್ ಪೂರ್ತಿ ತಿರುಗಿಸಿದಾಗ ಅದು ಸುಮಾರು 5.7 ಕಿಲೋಹರ್ಟ್ಸ್‌ನಿಂದ ಮೇಲಿನ ಚೂಪನ್ನು ಕಡಿಮೆ ಮಾಡುತ್ತದೆ. ಬೆಚ್ಚಗಿನ ಸ್ವರ ಅಂತ ಜನ ಹೇಳುವುದರಲ್ಲಿ ಈ ಸಣ್ಣ ಕೆಪಾಸಿಟರ್‌ನ ಪಾಲು ದೊಡ್ಡದು. ನಿಮ್ಮ ಪೆಡಲ್‌ನಲ್ಲೂ ಎರಡು ಡಯೋಡ್‌ಗೆ ಅಡ್ಡಲಾಗಿ 1 ನ್ಯಾನೋಫ್ಯಾರಡ್‌ನಿಂದ ಶುರು ಮಾಡಿ ಪ್ರಯತ್ನಿಸಿ.

ಇನ್ನೊಂದು ಪ್ರಯೋಗ: ಒಂದು ಕಡೆ ಒಂದು ಡಯೋಡ್, ಇನ್ನೊಂದು ಕಡೆ ಎರಡು ಸರಣಿಯಲ್ಲಿ. ಬಾಸ್ ಎಸ್‌ಡಿ-1 ಪೆಡಲ್ ಹೀಗಿದೆ. ಎರಡು ಕಡೆಯೂ ಒಂದೇ ಥರ ಕತ್ತರಿಸಿದರೆ ಬೆಸ ಹಾರ್ಮೋನಿಕ್‌ಗಳು ಮಾತ್ರ ಹುಟ್ಟುತ್ತವೆ. 440 ಹರ್ಟ್ಸ್ ಸ್ವರಕ್ಕೆ 1320, 2200 ಹೀಗೆ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕತ್ತರಿಸಿದರೆ 880 ಕೂಡ ಬರುತ್ತದೆ. ಅದು ಮೂಲ ಸ್ವರದ ಮೇಲಿನ ಸ್ಥಾಯಿ, ಹೊಂದಿಕೊಂಡು ಕೇಳಿಸುತ್ತದೆ. ನನ್ನ ಕಿವಿಗೆ ಇದು ಜರ್ಮೇನಿಯಂಗಿಂತ ಸ್ಪಷ್ಟವಾಗಿ ಗೊತ್ತಾಗುವ ಬದಲಾವಣೆ.

ಪ್ರಶ್ನೆ: ಡಬ್ಬಿಯಲ್ಲಿ 1ಎನ್4007 ಬೇಕಾದಷ್ಟಿವೆ. 1ಎನ್4148 ಬದಲು ಅದನ್ನೇ ಹಾಕಬಹುದಾ?

ಉತ್ತರ: 1 ಕಿಲೋಹರ್ಟ್ಸ್‌ಗೆ ಧಾರಾಳವಾಗಿ ಹಾಕಿ. 100 ಕಿಲೋಹರ್ಟ್ಸ್‌ಗೆ ಬೇಡ. 1ಎನ್4007 ಪವರ್ ಸಪ್ಲೈಗೆ ಮಾಡಿದ ಡಯೋಡ್. ಒಮ್ಮೆ ಕಂಡಕ್ಟ್ ಮಾಡಲು ಶುರು ಮಾಡಿದರೆ, ವೋಲ್ಟೇಜ್ ತಿರುಗಿದ ಮೇಲೂ ಮೈಕ್ರೊಸೆಕೆಂಡ್‌ಗಳ ಲೆಕ್ಕದಲ್ಲಿ ಹಾಗೇ ತೆರೆದಿರುತ್ತದೆ. 1ಎನ್4148 ಸುಮಾರು 4 ನ್ಯಾನೋಸೆಕೆಂಡ್‌ನಲ್ಲಿ ಮುಚ್ಚುತ್ತದೆ. ಸ್ಕೋಪ್‌ನಲ್ಲಿ ನೋಡಿದರೆ, ಕತ್ತರಿಸದೆ ಇರಬೇಕಾದ ಅರ್ಧದ ಶುರುವಿನಲ್ಲೂ ಅಲೆ 0.7ರ ಹತ್ತಿರವೇ ಅಂಟಿಕೊಂಡಿದ್ದು, ಆಮೇಲೆ ತಟ್ಟನೆ ಕೆಳಗೆ ಬೀಳುವುದು ಕಾಣುತ್ತದೆ. ಆ ಅಂಟು ಕಂಡರೆ ಡಯೋಡ್ ನಿಧಾನದ್ದು ಅಂತ ತಿಳಿಯಿರಿ.

ಪ್ರಶ್ನೆ: 3.3 ವೋಲ್ಟ್ ಮೈಕ್ರೊಕಂಟ್ರೋಲರ್‌ನ ಎಡಿಸಿ (ವೋಲ್ಟೇಜ್ ಅನ್ನು ಸಂಖ್ಯೆಯಾಗಿ ಓದುವ) ಪಿನ್‌ಗೆ 0 ರಿಂದ 3 ವೋಲ್ಟ್ ಸೆನ್ಸರ್ ಇದೆ. ತಪ್ಪು ವೈರಿಂಗ್‌ನಿಂದ 12 ವೋಲ್ಟ್ ಬಂದರೆ ಇರಲಿ ಅಂತ 100 ಕಿಲೋಓಮ್ ಮತ್ತು ಬಿಎಟಿ54ಎಸ್ ಶಾಟ್ಕಿ ಜೋಡಿ ಹಾಕಿದೆ. ಪಿನ್ ಉಳಿಯಿತು. ಆದರೆ ಈಗ ರೀಡಿಂಗ್ ತಪ್ಪುತ್ತಿದೆ. ಸಣ್ಣ ಓದುಗಳು ಜಾಸ್ತಿ ತೋರಿಸುತ್ತವೆ, ದೊಡ್ಡವು ಕಡಿಮೆ. ಡಬ್ಬಿ ಬಿಸಿಯಾದಾಗ ಇನ್ನೂ ಕೆಡುತ್ತದೆ.

ಉತ್ತರ: ಎಷ್ಟು ಚೆನ್ನಾಗಿ ಗಮನಿಸಿದ್ದೀರಿ. ಸಣ್ಣದು ಮೇಲೆ, ದೊಡ್ಡದು ಕೆಳಗೆ, ಬಿಸಿಗೆ ಜಾಸ್ತಿ. ಈ ಮೂರೂ ಸೇರಿದರೆ ಅದು ಡಯೋಡ್‌ನ ಲೀಕೇಜ್. ಮಧ್ಯದಲ್ಲಿ, 1.6 ವೋಲ್ಟ್ ಆಸುಪಾಸಿನಲ್ಲಿ, ಓದು ಸರಿ ಇರುತ್ತದೆ. ಬೇಕಾದರೆ ಪರೀಕ್ಷಿಸಿ.

ಶಾಟ್ಕಿ ಡಯೋಡ್ ಕಡಿಮೆ ವೋಲ್ಟೇಜ್‌ನಲ್ಲೇ ಕಂಡಕ್ಟ್ ಮಾಡುತ್ತದೆ. ಅದಕ್ಕೆ ಪ್ರತಿಯಾಗಿ ಉಲ್ಟಾ ದಿಕ್ಕಿನಲ್ಲಿ ಸೋರುವುದೂ ಜಾಸ್ತಿ. ಬಿಎಟಿ54ರ ಡೇಟಾಶೀಟ್‌ನಲ್ಲಿ 25 ವೋಲ್ಟ್ ರಿವರ್ಸ್‌ಗೆ ಗರಿಷ್ಠ 2 ಮೈಕ್ರೊಆಂಪ್ ಅಂತ ಇದೆ, ಅದೂ 25 ಡಿಗ್ರಿಯಲ್ಲಿ. ಬಿಸಿಯಾದರೆ ಇದು ಬೇಗ ಏರುತ್ತದೆ. ಸುಮ್ನೆ ಲೆಕ್ಕಕ್ಕೆ ಅರ್ಧ ಮೈಕ್ರೊಆಂಪ್ ಅಂತ ಇಟ್ಟುಕೊಳ್ಳಿ. 100 ಕಿಲೋಓಮ್‌ನಲ್ಲಿ ಅದು 50 ಮಿಲಿವೋಲ್ಟ್ ಆಯಿತು. 12 ಬಿಟ್ ಎಡಿಸಿಯಲ್ಲಿ ಒಂದು ಹೆಜ್ಜೆ ಸುಮಾರು 0.8 ಮಿಲಿವೋಲ್ಟ್. 60 ಹೆಜ್ಜೆಗಿಂತ ಜಾಸ್ತಿ ತಪ್ಪು! ಓದು ಕೆಳಗಿರುವಾಗ ಮೇಲಿನ ಡಯೋಡ್ ಸಪ್ಲೈಯಿಂದ ಒಳಗೆ ಸೋರುತ್ತದೆ. ಓದು ಮೇಲಿರುವಾಗ ಕೆಳಗಿನ ಡಯೋಡ್ ಗ್ರೌಂಡ್‌ಗೆ ಸೋರುತ್ತದೆ. ಮಧ್ಯದಲ್ಲಿ ಎರಡೂ ಒಂದನ್ನೊಂದು ರದ್ದು ಮಾಡುತ್ತವೆ.

100 ಕಿಲೋಓಮ್ ಅನ್ನು 10 ಕಿಲೋಓಮ್ ಮಾಡಿದರೆ ತಪ್ಪು ಹತ್ತನೇ ಒಂದಾಗುತ್ತದೆ. ಆಗಲೂ 12 ವೋಲ್ಟ್ ಬಂದರೆ ಹರಿಯುವುದು 0.9 ಮಿಲಿಆಂಪ್‌ಗಿಂತ ಕಡಿಮೆ, ಡಯೋಡ್‌ಗೆ ಏನೂ ಅಲ್ಲ. ಶಾಟ್ಕಿ ಬದಲು ಬಿಎವಿ199 ಹಾಕಿದರೆ ಲೀಕೇಜ್ ಯೋಚನೆಯೇ ಬೇಡ, ಅದು ಕಡಿಮೆ ಸೋರಿಕೆಗೆಂದೇ ಮಾಡಿದ ಸಿಲಿಕಾನ್ ಜೋಡಿ. ಸಿಲಿಕಾನ್ ಆದ್ದರಿಂದ ಸಪ್ಲೈಗಿಂತ 0.6 ವೋಲ್ಟ್ ಮೇಲೆ ಹೋದ ಮೇಲೆ ಹಿಡಿಯುತ್ತದೆ. ಎಷ್ಟೋ ಚಿಪ್‌ಗಳು ಸಪ್ಲೈಗಿಂತ 0.3 ವೋಲ್ಟ್ ಮೇಲೆ ಹೋಗಬಾರದು ಅನ್ನುತ್ತವೆ. ಹಾಗಾಗಿ ಡಯೋಡ್ ಆದ ಮೇಲೆ, ಪಿನ್‌ಗೆ ಹೋಗುವ ಮೊದಲು ಇನ್ನೊಂದು 4.7 ಕಿಲೋಓಮ್ ಹಾಕಿ. ಚಿಪ್ ಒಳಗಿನ ಡಯೋಡ್‌ಗೆ ಆಗ ಉಳಿಯುವುದು ತೀರಾ ಸಣ್ಣ ಕರೆಂಟ್. ಅದು ಎಷ್ಟಿರಬಹುದು ಅನ್ನುವುದು ಚಿಪ್‌ನ ಡೇಟಾಶೀಟ್‌ನಲ್ಲಿ ಇಂಜೆಕ್ಷನ್ ಕರೆಂಟ್ ಅನ್ನುವ ಕಡೆ ಇರುತ್ತದೆ, ತಪ್ಪದೆ ನೋಡಿ. ಪಿನ್‌ನಿಂದ ಗ್ರೌಂಡ್‌ಗೆ 10 ನ್ಯಾನೋಫ್ಯಾರಡ್ ಕೊಟ್ಟರೆ ಎಡಿಸಿಗೂ ಅನುಕೂಲ.

ನೀವು ಕೇಳದ ಒಂದು ವಿಷಯ, ಆದರೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಮೇಲಿನ ಡಯೋಡ್ ಹೆಚ್ಚಾದ ಕರೆಂಟ್ ಅನ್ನು 3.3 ವೋಲ್ಟ್ ಲೈನ್‌ಗೆ ತಳ್ಳುತ್ತದೆ. ಆ ಲೈನ್ ಅದನ್ನು ಎಲ್ಲಿಗೆ ಕಳಿಸಬೇಕು? ಸಾಧಾರಣ ರೆಗ್ಯುಲೇಟರ್ ಕರೆಂಟ್ ಕೊಡುತ್ತದೆ, ವಾಪಸ್ ತೆಗೆದುಕೊಳ್ಳುವುದಿಲ್ಲ. ಬೋರ್ಡ್ 20 ಮಿಲಿಆಂಪ್ ತಿನ್ನುತ್ತಿದ್ದರೆ 0.9 ಮಿಲಿಆಂಪ್ ಅದರಲ್ಲೇ ಕರಗುತ್ತದೆ. ಬೋರ್ಡ್ ಸ್ಲೀಪ್‌ನಲ್ಲಿದ್ದು 50 ಮೈಕ್ರೊಆಂಪ್ ಮಾತ್ರ ತಿನ್ನುತ್ತಿದ್ದರೆ ಲೈನ್ ಮೇಲೆ ಏರುತ್ತದೆ. ಪಿನ್ ಉಳಿಸಲು ಹೋಗಿ ಇಡೀ ಬೋರ್ಡ್‌ಗೆ ಅಪಾಯ. ಸಪ್ಲೈ ಪೂರ್ತಿ ಆಫ್ ಇದ್ದಾಗಲಂತೂ ಸೆನ್ಸರ್ ತಂತಿಯಿಂದಲೇ ಚಿಪ್ ಅರ್ಧಂಬರ್ಧ ಎಚ್ಚರಗೊಂಡು ವಿಚಿತ್ರವಾಗಿ ವರ್ತಿಸುತ್ತದೆ. ಕಡಿಮೆ ಕರೆಂಟ್‌ನ ಬೋರ್ಡ್ ಆಗಿದ್ದರೆ 3.3 ವೋಲ್ಟ್ ಲೈನ್‌ಗೆ ಅಡ್ಡಲಾಗಿ 2.2 ಕಿಲೋಓಮ್ ಹಾಕಿ. ಅದು 1.5 ಮಿಲಿಆಂಪ್ ತಿನ್ನುತ್ತದೆ, 0.9 ಅನ್ನು ನುಂಗಲು ಸಾಕು. ಬ್ಯಾಟರಿಯಲ್ಲಿ ನಡೆಯುವುದಾದರೆ ಅಷ್ಟು ಕರೆಂಟ್ ವ್ಯರ್ಥ ಮಾಡಲಾಗದು. ಆಗ ಮೇಲಿನ ಡಯೋಡ್ ಅನ್ನು ಸಪ್ಲೈಗೆ ಕೊಡದೆ ಟಿಎಲ್431 ಥರದ ಶಂಟ್ ರೆಗ್ಯುಲೇಟರ್‌ಗೆ ಕೊಡುವುದು ಒಳ್ಳೆಯದು.

ಪ್ರಶ್ನೆ: ಆಂಟಿ, ನಾನು ಎಂಟನೇ ತರಗತಿ. ನನ್ನ ಹತ್ತಿರ ಆಸಿಲೋಸ್ಕೋಪ್ ಇಲ್ಲ. ಕ್ಲಿಪ್ಪಿಂಗ್ ನೋಡೋದು ಹೇಗೆ?

ಉತ್ತರ: ನೋಡುವ ಮೊದಲು ಕೇಳು ಪುಟ್ಟ, ಅದೇ ಚೆಂದ. ಮೊಬೈಲ್‌ನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ 440 ಹರ್ಟ್ಸ್ ಸೈನ್ ಇಡು. ಹೆಡ್‌ಫೋನ್ ಔಟ್‌ಪುಟ್‌ನಿಂದ 1 ಕಿಲೋಓಮ್ ರೆಸಿಸ್ಟರ್ ಮೂಲಕ ಆಂಪ್ಲಿಫೈಯರ್ ಇರುವ ಸ್ಪೀಕರ್‌ನ ಲೈನ್ ಇನ್‌ಪುಟ್‌ಗೆ ಕೊಡು. ರೆಸಿಸ್ಟರ್ ಆದ ಮೇಲೆ ಗ್ರೌಂಡ್‌ಗೆ ಎರಡು ಶಾಟ್ಕಿ ಡಯೋಡ್ ಎದುರುಬದುರಾಗಿ ಹಾಕು. ಸಿಲಿಕಾನ್ ಬೇಡ. ಮೊಬೈಲ್ ಕೊಡುವ ವೋಲ್ಟೇಜ್ ಕಡಿಮೆ, ಅದು ಸಿಲಿಕಾನ್ ಡಯೋಡ್‌ಗೆ ಸಾಲದೆ ಹೋಗಬಹುದು. ಸ್ಪೀಕರ್ ಶಬ್ದ ಕಡಿಮೆ ಇಟ್ಟು, ಮೊಬೈಲ್ ವಾಲ್ಯೂಮ್ ಅನ್ನು ಸೊನ್ನೆಯಿಂದ ನಿಧಾನವಾಗಿ ಏರಿಸು. ಮೊದಲು ಸೀಟಿಯ ಥರ ನಯವಾದ ಸ್ವರ ಜೋರಾಗುತ್ತಾ ಬರುತ್ತದೆ. ಒಂದು ಹಂತದಲ್ಲಿ ಜೋರಾಗುವುದು ನಿಲ್ಲುತ್ತದೆ, ಸ್ವರಕ್ಕೆ ಗರಗರ ಅನ್ನುವ ಅಂಚು ಸೇರುತ್ತದೆ. ಅದೇ ಕ್ಲಿಪ್ಪಿಂಗ್. ಸ್ಪೀಕರ್ ಬದಲು ಕಂಪ್ಯೂಟರ್‌ನ ಲೈನ್ ಇನ್‌ಪುಟ್‌ಗೆ ಕೊಟ್ಟು ರೆಕಾರ್ಡ್ ಮಾಡಿ ದೊಡ್ಡದು ಮಾಡಿದರೆ ಚಪ್ಪಟೆ ತುದಿಯೂ ಕಾಣುತ್ತದೆ. ಗೋಡೆಯ ಪ್ಲಗ್‌ನ ಕರೆಂಟ್‌ಗೆ ಇದನ್ನು ಯಾವತ್ತೂ ಜೋಡಿಸಬೇಡ. ಇದು ಮೊಬೈಲ್, ಬ್ಯಾಟರಿ ಮಟ್ಟದ ಆಟ ಮಾತ್ರ.

ಪ್ರಶ್ನೆ: ತ್ರಿಕೋನ ಅಲೆಯನ್ನು ಡಯೋಡ್ ಬಳಸಿ ಸೈನ್ ಮಾಡಬಹುದು ಅಂತ ಓದಿದೆ. ನನಗೆ ಬರುತ್ತಿರುವುದು ತಲೆ ಬೋಳಿಸಿದ ತ್ರಿಕೋನ ಮಾತ್ರ.

ಉತ್ತರ: ಅಲೆ ತುಂಬಾ ದೊಡ್ಡದು ಕೊಡುತ್ತಿದ್ದೀರಿ. ಇಲ್ಲಿ ಡಯೋಡ್ ಕತ್ತರಿಸಬಾರದು, ಬಾಗಿಸಬೇಕು. ಮೊದಲ ಪ್ರಶ್ನೆಯ ವಿದ್ಯಾರ್ಥಿಗೆ ತೊಂದರೆ ಅನ್ನಿಸಿದ ಆ ಗುಂಡಗಿನ ತಿರುವೇ ಇಲ್ಲಿ ನಮಗೆ ಬೇಕಾದದ್ದು.

ಶೂನ್ಯ ದಾಟುವ ಜಾಗದಲ್ಲಿ ಡಯೋಡ್ ಇನ್ನೂ ಸುಮ್ಮನಿರುತ್ತದೆ. ಹಾಗಾಗಿ ಅಲ್ಲಿ ತ್ರಿಕೋನದ ಇಳಿಜಾರೂ ಬೇಕಾದ ಸೈನ್‌ನ ಇಳಿಜಾರೂ ಒಂದೇ ಇರಬೇಕು. ಲೆಕ್ಕ ಹಾಕಿದರೆ ತ್ರಿಕೋನದ ಪೀಕ್, ಸೈನ್‌ನ ಪೀಕ್‌ನ 1.57 ಪಟ್ಟು ಬರುತ್ತದೆ. ಡಯೋಡ್ ಜೋಡಿಯ ಮೇಲೆ 0.55 ವೋಲ್ಟ್ ಪೀಕ್ ಸೈನ್ ಬೇಕಾದರೆ ತ್ರಿಕೋನ ಸುಮಾರು 0.86 ವೋಲ್ಟ್ ಪೀಕ್. 5 ವೋಲ್ಟ್ ಅಲ್ಲ! ಅಲ್ಲಿಂದ ಶುರು ಮಾಡಿ, ಎತ್ತರ ಮತ್ತು ರೆಸಿಸ್ಟರ್ ಎರಡನ್ನೂ ಸ್ವಲ್ಪ ಸ್ವಲ್ಪ ಬದಲಿಸಿ. ಸ್ಕೋಪ್‌ನಲ್ಲಿ ಎಫ್‌ಎಫ್‌ಟಿ (ಅಲೆಯೊಳಗಿನ ಫ್ರೀಕ್ವೆನ್ಸಿಗಳನ್ನು ಬಿಡಿಸಿ ತೋರಿಸುವ ಸೌಲಭ್ಯ) ಇದ್ದರೆ ಮೂರನೇ ಹಾರ್ಮೋನಿಕ್ ಮೇಲೆ ಕಣ್ಣಿಡಿ. ತ್ರಿಕೋನದಲ್ಲಿ ಅದು ಮೂಲದ ಒಂಬತ್ತನೇ ಒಂದು ಭಾಗ, ಸುಮಾರು 11 ಶೇಕಡಾ. ಅದು ಅತಿ ಕಡಿಮೆ ಆಗುವ ಜಾಗದಲ್ಲಿ ನಿಲ್ಲಿಸಿ. ಒಂದೇ ಜೋಡಿಯಿಂದ ಒಟ್ಟು ಡಿಸ್ಟಾರ್ಷನ್ ಕೆಲವು ಶೇಕಡಾಕ್ಕೆ ಇಳಿಯುತ್ತದೆ. ಇನ್ನೂ ಕಡಿಮೆ ಬೇಕಾದರೆ ಬೇರೆ ಬೇರೆ ವೋಲ್ಟೇಜ್‌ಗೆ ಬಯಾಸ್ ಮಾಡಿದ ಮೂರು ನಾಲ್ಕು ಜೋಡಿ ಹಾಕಿ, ಇಳಿಜಾರನ್ನು ಹಂತ ಹಂತವಾಗಿ ಬಾಗಿಸಬೇಕು. ಹಳೆಯ ಫಂಕ್ಷನ್ ಜನರೇಟರ್‌ಗಳಲ್ಲಿ ಇದನ್ನೇ ಮಾಡುತ್ತಿದ್ದರು.

ಔಟ್‌ಪುಟ್‌ನಿಂದ ನೇರ ಲೋಡ್ ಎಳೆಯಬೇಡಿ, ಬಫರ್ ಹಾಕಿ. ಬಿಸಿಗೂ ಇದು ಸೂಕ್ಷ್ಮ. 20 ಡಿಗ್ರಿ ಬದಲಾದರೆ 40 ಮಿಲಿವೋಲ್ಟ್ ಸರಿಯುತ್ತದೆ, 0.55 ವೋಲ್ಟ್‌ನಲ್ಲಿ ಅದು 7 ಶೇಕಡಾ. ಬಿಸಿಯಾಗುವ ರೆಗ್ಯುಲೇಟರ್ ಪಕ್ಕ ಈ ಡಯೋಡ್‌ಗಳನ್ನು ಇಡಬೇಡಿ.

ಪ್ರಶ್ನೆ: ಮೈಕ್ ಪ್ರೀಆಂಪ್‌ನ ಇನ್‌ಪುಟ್‌ಗೆ ರಕ್ಷಣೆಗೆ 1ಎನ್4148 ಜೋಡಿ ಹಾಕಿದ್ದೇನೆ. ಅಲ್ಲಿ 1 ಮೆಗಾಓಮ್ ಇದೆ. ಮೇಜಿನ ದೀಪ ಹಾಕಿದರೆ ಹಮ್ ಬರುತ್ತದೆ, ಆರಿಸಿದರೆ ಇಲ್ಲ. ದೀಪದ ವೈರ್ ದೂರ ಇಟ್ಟರೂ ಹೋಗುತ್ತಿಲ್ಲ.

ಉತ್ತರ: ವೈರ್ ಅಲ್ಲ, ಬೆಳಕು. 1ಎನ್4148ರ ಮೈ ಗಾಜು. ಒಳಗಿನ ಸಿಲಿಕಾನ್ ಮೇಲೆ ಬೆಳಕು ಬಿದ್ದರೆ ಸಣ್ಣ ಕರೆಂಟ್ ಹುಟ್ಟುತ್ತದೆ, ಫೋಟೋಡಯೋಡ್‌ನಲ್ಲಿ ಆಗುವ ಹಾಗೆ. 1 ಕಿಲೋಓಮ್ ಸರ್ಕ್ಯೂಟ್‌ನಲ್ಲಿ ಅದು ಗೊತ್ತೇ ಆಗುವುದಿಲ್ಲ. 1 ಮೆಗಾಓಮ್‌ನಲ್ಲಿ ಒಂದು ನ್ಯಾನೋಆಂಪ್ ಕೂಡ 1 ಮಿಲಿವೋಲ್ಟ್ ಆಗುತ್ತದೆ, ಮೈಕ್ ಸಿಗ್ನಲ್‌ಗೆ ಅದು ದೊಡ್ಡದೇ. ಮೇನ್ಸ್‌ನಲ್ಲಿ ಉರಿಯುವ ಎಷ್ಟೋ ದೀಪಗಳ ಬೆಳಕು ಮೇನ್ಸ್ ಫ್ರೀಕ್ವೆನ್ಸಿಯ ಎರಡು ಪಟ್ಟಿನಲ್ಲಿ ಮಿನುಗುತ್ತದೆ. ನೀವು ಕೇಳುತ್ತಿರುವ ಹಮ್ ಆ ಮಿನುಗೇ. ಡಯೋಡ್ ಮೇಲೆ ಬೆರಳಿನಿಂದ ನೆರಳು ಮಾಡಿ ಕೇಳಿ, ಗಾಜನ್ನು ಮುಟ್ಟಬೇಡಿ. ಹಮ್ ತಗ್ಗಿದರೆ ಕಾರಣ ಖಚಿತ. ಕಪ್ಪು ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಅಥವಾ ಕಪ್ಪು ಪ್ಲಾಸ್ಟಿಕ್ ಮೈಯ ಬಿಎವಿ199 ಹಾಕಿ. ಮುಚ್ಚಿದ ಲೋಹದ ಡಬ್ಬಿಯಲ್ಲಿ ಇಡುವುದಾದರೆ ಎರಡೂ ಬೇಕಿಲ್ಲ.